ಕೆರೆಯ ಸೇಲಿಂಗ್ ಕ್ಲಬ್ಬು: ದಡ ಮುಟ್ಟಿದ್ದು ಮೂರನೆಯವನಾಗಿ, ಪಟ್ಟಿಯಲ್ಲಿ ಎಂಟನೆಯವನು. ಮೇಲಿಂದ ಡ್ಯೂಟಿ ಬೇರೆ!

ತಿಪಟೂರು ತೆಂಗು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಹಾಯಿದೋಣಿ ಓಡಿಸುವ ಕನ್ನಡದವರು ಇಲ್ಲಿ ಯಾರಾದರೂ ಇದ್ದೀರಾ?

ನಾನಿರುವುದು ನಾಟಿಂಗ್‌ಹ್ಯಾಮ್ ಹತ್ತಿರ. ಟ್ರೆಂಟ್ ನದಿಯ ಬಯಲಿನಲ್ಲಿ ಜಲ್ಲಿ ತೆಗೆದು ಬಿಟ್ಟ ಹಳ್ಳಗಳಿಗೆ ನೀರು ತುಂಬಿ ಕೆರೆಗಳಾಗಿವೆ. ಅಂಥ ಒಂದು ಕೆರೆಯಲ್ಲಿ ಸಣ್ಣ ಕ್ಲಬ್ ಇದೆ. ಮಗಳನ್ನು ಆಪ್ಟಿಮಿಸ್ಟ್ ದೋಣಿ ಕಲಿಯಲು ಸೇರಿಸಿದ್ದೆವು. ಕಾರಿನಲ್ಲಿ ಕೂತು ಕಾಯುವ ಬದಲು ನಾನೂ ಕಲಿಯೋಣ ಅಂತ ಆರ್‌ವೈಎ (ಇಲ್ಲಿನ ರಾಷ್ಟ್ರೀಯ ಸೇಲಿಂಗ್ ಸಂಸ್ಥೆ) ಲೆವೆಲ್ 1, ಲೆವೆಲ್ 2 ಮುಗಿಸಿದೆ. ಆಮೇಲೆ ಒಬ್ಬರೇ ಓಡಿಸುವ ಲೇಸರ್ ದೋಣಿ, ಹಳೆಯದೊಂದು ಕೊಂಡೆ. ಸುಮ್ನೆ ಓಡಾಡುವಾಗ ಖುಷಿಯಾಗಿಯೇ ಇತ್ತು. ಈಗ ಭಾನುವಾರದ ರೇಸಿಗೆ ಬಾ ಅಂತ ಎಲ್ಲರೂ ಕರೆಯುತ್ತಾರೆ.

ಹೋದ ವಾರ ಇಳಿದೆ. ಗೆರೆ ದಾಟಿದ್ದು ಮೂರನೆಯವನಾಗಿ. ಒಳಗೆ ಹೋಗಿ ಟೀ ಕುಡಿಯುವಷ್ಟರಲ್ಲಿ ಗೋಡೆಗೆ ಪಟ್ಟಿ ಅಂಟಿಸಿದ್ದರು. ನಾನು ಎಂಟನೆಯವನು! ನನ್ನ ಹಿಂದೆ ಆರಾಮಾಗಿ ಬಂದ, ಎಪ್ಪತ್ತು ದಾಟಿದ ಅಜ್ಜ ಒಬ್ಬರು ಮೊದಲನೆಯವರು. ಅವರದು ಸೋಲೋ ದೋಣಿ. ಟಾಪರ್ ಅನ್ನುವ ಮಕ್ಕಳ ದೋಣಿಯಲ್ಲಿದ್ದ ಹುಡುಗಿಯೂ ನನಗಿಂತ ಮೇಲೆ. ಅವಳಂತೂ ನಾನು ಹಾಯಿ ಬಿಚ್ಚುವಾಗ ಇನ್ನೂ ನೀರಿನಲ್ಲಿದ್ದಳು. ಲೆಕ್ಕ ಕೇಳಿದರೆ "ಯಾರ್ಡ್‌ಸ್ಟಿಕ್" ಅಂತ ಹೇಳಿ ನಕ್ಕರು.

ಇನ್ನೊಂದು ವಿಷಯ. ಮುಂದಿನ ತಿಂಗಳು ಒಂದು ಭಾನುವಾರ ನನಗೆ "ಅಸಿಸ್ಟೆಂಟ್ ರೇಸ್ ಆಫೀಸರ್" ಡ್ಯೂಟಿ ಹಾಕಿದ್ದಾರೆ. ಚಂದಾ ಕಟ್ಟಿದ ಮೇಲೂ ನಾವೇ ದುಡಿಯಬೇಕಾ ಅಂತ ಮನೆಯವಳು ಕೇಳುತ್ತಿದ್ದಾಳೆ. ನನಗೂ ಹಾಗೇ ಅನಿಸುತ್ತದೆ, ಸುಳ್ಳು ಯಾಕೆ.

ಮೂರನೆಯದು, ನನ್ನ ತೂಕ ಅರವತ್ತು ಕೇಜಿ. ಗಾಳಿ ಜೋರಾದರೆ ದೋಣಿ ನನ್ನ ಮಾತು ಕೇಳುವುದಿಲ್ಲ. ಹೀಗಿರುವಾಗ ರೇಸ್ ಮಾಡುವುದರಲ್ಲಿ ಅರ್ಥ ಇದೆಯಾ? ಗೊತ್ತಿದ್ದವರು ಹೇಳಿ.

ಮಂಡ್ಯ ಟು ರೆಡಿಂಗ್

ಸ್ವಾಮಿ, ತೂಕದ ಪ್ರಶ್ನೆಗೆ ಉತ್ತರ ಸುಲಭ. ಲೇಸರ್‌ನ ದೊಡ್ಡ ಹಾಯಿ ಏಳು ಚದರ ಮೀಟರ್. ಅರವತ್ತು ಕೇಜಿಗೆ ಅದು ಜಾಸ್ತಿ ಆಯಿತು. ಅದೇ ದೋಣಿಗೆ ರೇಡಿಯಲ್ ಹಾಯಿ ಸಿಗುತ್ತದೆ, ಈಗ ಐಎಲ್‌ಸಿಎ 6 ಅನ್ನುತ್ತಾರೆ. ಐದೂಮುಕ್ಕಾಲು ಚದರ ಮೀಟರ್. ಕಂಬದ ಕೆಳಗಿನ ತುಂಡು ಬದಲಾಯಿಸಿ ಆ ಹಾಯಿ ಏರಿಸಿದರೆ ಮುಗಿಯಿತು, ದೋಣಿ ಅದೇ. ಸೆಕೆಂಡ್ ಹ್ಯಾಂಡ್ ಹುಡುಕಿ, ನಿಮ್ಮ ಕ್ಲಬ್ಬಿನ ಶೆಡ್ಡಿನಲ್ಲೇ ಯಾರದೋ ಬಿದ್ದಿರುತ್ತದೆ. ಆ ಯಾರ್ಡ್‌ಸ್ಟಿಕ್ ಲೆಕ್ಕದ ನಂಬರೂ ನಿಮ್ಮ ಪರವಾಗಿ ಬದಲಾಗುತ್ತದೆ.

ಉಳಿದದ್ದಕ್ಕೆ ಅಕ್ಕ ಬರಲಿ. ಅವರು ಬರೆಯಲು ಶುರು ಮಾಡಿದರೆ ನಮಗೆ ಹೇಳಲು ಏನೂ ಉಳಿಯುವುದಿಲ್ಲ.

ಶರಾವತಿ ಹಿನ್ನೀರು

ಕರೆದಿರಲ್ಲ, ಬಂದೆ.

ತೆಂಗಿನವರೇ, ಮೊದಲು ಲೆಕ್ಕ ಮುಗಿಸೋಣ. ಸಣ್ಣ ಕ್ಲಬ್ಬಿನಲ್ಲಿ ಒಂದೇ ಜಾತಿಯ ದೋಣಿ ಹತ್ತು ಸಿಗುವುದು ಕಷ್ಟ. ಇಬ್ಬರ ಹತ್ತಿರ ಲೇಸರ್, ಮೂವರ ಹತ್ತಿರ ಸೋಲೋ, ಗಂಡ ಹೆಂಡತಿ ಓಡಿಸುವ ಒಂದು ಜಿಪಿ14, ನೀಲಿ ಹಾಯಿಯ ಎಂಟರ್‌ಪ್ರೈಸ್ ಒಂದು, ಮಕ್ಕಳ ಟಾಪರ್. ಎಲ್ಲರನ್ನೂ ಒಟ್ಟಿಗೆ ಓಡಿಸಬೇಕು. ಅದಕ್ಕೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್. ಪ್ರತಿ ಜಾತಿಗೆ ಒಂದು ನಂಬರ್. ನಿಧಾನದ ದೋಣಿಗೆ ದೊಡ್ಡ ನಂಬರ್. ನೀವು ತೆಗೆದುಕೊಂಡ ಸಮಯವನ್ನು ಸಾವಿರದಿಂದ ಗುಣಿಸಿ ಆ ನಂಬರಿನಿಂದ ಭಾಗಿಸಬೇಕು. ಬಂದದ್ದೇ ನಿಮ್ಮ ತಿದ್ದಿದ ಸಮಯ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಲೇಸರಿಗೆ 1100, ಸೋಲೋಗೆ 1140, ಟಾಪರಿಗೆ 1365 ಅಂತ ಇಟ್ಟುಕೊಳ್ಳಿ. ನೀವು 44 ನಿಮಿಷದಲ್ಲಿ ಬಂದಿರಿ ಅನ್ನಿ. ತಿದ್ದಿದರೆ ಸರಿಯಾಗಿ 40 ನಿಮಿಷ. ಅಜ್ಜ ನಿಮಗಿಂತ ಒಂದು ನಿಮಿಷ ತಡವಾಗಿ, 45ಕ್ಕೆ ಬಂದರು. ಅವರದು 39 ನಿಮಿಷ 28 ಸೆಕೆಂಡ್. ಆ ಹುಡುಗಿ 54 ನಿಮಿಷ ತೆಗೆದುಕೊಂಡರೂ ಅವಳದು 39:34. ನೀವು ಬಟ್ಟೆ ಬದಲಾಯಿಸುತ್ತಿರುವಾಗ ಅವಳು ನಿಮ್ಮನ್ನು ಸೋಲಿಸಿದ್ದಾಳೆ. ಇದರಲ್ಲಿ ಮೋಸ ಏನೂ ಇಲ್ಲ.

ಈ ನಂಬರುಗಳನ್ನು ಯಾರೋ ಕೂತು ಊಹೆ ಮಾಡಿದ್ದಲ್ಲ. ಕ್ಲಬ್ಬುಗಳು ತಮ್ಮ ರೇಸಿನ ಫಲಿತಾಂಶ ಕಳಿಸುತ್ತವೆ. ಆರ್‌ವೈಎ ಅದನ್ನು ನೋಡಿ ವರ್ಷಕ್ಕೊಮ್ಮೆ ಪಟ್ಟಿ ತಿದ್ದುತ್ತದೆ. ಹಾಗಂತ ಪೂರ್ತಿ ನ್ಯಾಯ ಅಂತ ನಾನು ಹೇಳುವುದಿಲ್ಲ. ಗಾಳಿ ಸತ್ತ ದಿನ ಒಂದು ಜಾತಿಗೆ ಲಾಭ, ಬಿರುಗಾಳಿಯ ದಿನ ಇನ್ನೊಂದಕ್ಕೆ. ನಮ್ಮಂಥ ಸಣ್ಣ ಕೆರೆಯಲ್ಲಿ ತಿರುವು ಜಾಸ್ತಿ, ನೇರ ಓಟ ಕಡಿಮೆ. ಬೇಗ ತಿರುಗುವ ದೋಣಿಗೆ ಇಲ್ಲಿ ಅನುಕೂಲ. ಅಜ್ಜನಿಗೆ ಇದೆಲ್ಲ ಗೊತ್ತು. ಅದಕ್ಕೇ ಅವರು ಸೋಲೋ ಇಟ್ಟುಕೊಂಡಿದ್ದಾರೆ.

ಇನ್ನು ಡ್ಯೂಟಿ. ಇಲ್ಲಿ ನಿಮ್ಮ ಮನೆಯವರ ಜೊತೆ ನಾನು ಜಗಳಕ್ಕೆ ಬರುತ್ತೇನೆ.

ಈ ಕ್ಲಬ್ಬುಗಳಲ್ಲಿ ಸಂಬಳದವರು ಯಾರೂ ಇರುವುದಿಲ್ಲ. ಹುಲ್ಲು ಕತ್ತರಿಸುವುದು, ಬೋಯ್‌ಗಳ (ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತುಗಳು) ಹಗ್ಗ ಬದಲಾಯಿಸುವುದು, ಟಾಯ್ಲೆಟ್ ತೊಳೆಯುವುದು, ನೀರಿನೊಳಗಿನ ಜೊಂಡು ಎಳೆಯುವುದು, ಎಲ್ಲ ಸದಸ್ಯರೇ. ಚಂದಾ ಅಷ್ಟು ಕಡಿಮೆ ಇರುವುದೇ ಅದಕ್ಕೆ. ಡ್ಯೂಟಿ ಬೇಡ ಅಂದರೆ ಅದರ ನಾಲ್ಕು ಪಟ್ಟು ದುಡ್ಡು ಕೇಳುವ ಕ್ಲಬ್ಬುಗಳಿವೆ, ಅಲ್ಲಿ ಸೇರಬಹುದು. ಅಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಆದರೆ ನಾನು ಡ್ಯೂಟಿ ಮಾಡಿ ಅನ್ನುವುದು ಧರ್ಮಕ್ಕಲ್ಲ. ಸ್ವಾರ್ಥಕ್ಕೇ ಮಾಡಿ. ನೀರಿನ ಮೇಲೆ ನಿಮಗೆ ಕಾಣುವುದು ನಿಮ್ಮ ಹಾಯಿ, ನಿಮ್ಮ ಹಗ್ಗ, ಮುಂದಿನವನ ಬೆನ್ನು. ದಡದ ರೇಸ್ ಗೂಡಿನಲ್ಲಿ ಕೂತರೆ ಇಡೀ ಕೆರೆ ಕಾಣುತ್ತದೆ. ಪಶ್ಚಿಮದಿಂದ ಗಾಳಿ ಬಂದ ದಿನ ಆ ದಡದ ಮರಗಳ ನೆರಳಿನಲ್ಲಿ ಎಷ್ಟು ದೂರ ಗಾಳಿಯೇ ಇರುವುದಿಲ್ಲ ಅಂತ ಕಣ್ಣಾರೆ ನೋಡುತ್ತೀರಿ. ಮೂರು ದೋಣಿ ಅದರೊಳಗೆ ಹೋಗಿ ನಿಲ್ಲುತ್ತವೆ. ನಾಲ್ಕನೆಯದು ಸ್ವಲ್ಪ ಸುತ್ತು ಹೊಡೆದು ದಾಟಿ ಹೋಗುತ್ತದೆ. ನಾಲ್ಕನೆಯದು ಯಾರದು ಅಂತ ನಾನು ಹೇಳಬೇಕಾಗಿಲ್ಲ.

ನೀರಿನ ಬಣ್ಣ ನೋಡಿ. ಗಾಳಿಯ ಹೊಡೆತ ಬರುವಲ್ಲಿ ನೀರು ಕಪ್ಪಾಗಿ ಸುಕ್ಕುಗಟ್ಟುತ್ತದೆ. ಅದು ಯಾವ ಕಡೆಗೆ ಸರಿಯುತ್ತಿದೆ, ಅದು ತಲುಪುವ ಮೊದಲೇ ಯಾರು ಮೈ ಹೊರಗೆ ಚಾಚಿ ತಯಾರಾಗುತ್ತಾರೆ ಅಂತ ನೋಡಿ. ಕೆರೆಯ ಗಾಳಿ ಕಡಲ ಗಾಳಿಯ ಹಾಗೆ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ನಿಮಿಷಕ್ಕೊಮ್ಮೆ ಹತ್ತು ಹದಿನೈದು ಡಿಗ್ರಿ ತಿರುಗುತ್ತದೆ. ಗಾಳಿಗೆ ಎದುರಾಗಿ ಹೋಗುವಾಗ ಅದು ನಿಮ್ಮ ಮೂತಿಯನ್ನು ಬೋಯ್‌ನಿಂದ ಆಚೆ ತಳ್ಳಿದರೆ ಟ್ಯಾಕ್ ಮಾಡಬೇಕು, ಅಂದರೆ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡವಾಗಿ ದಾಟಿಸಿ ಇನ್ನೊಂದು ಪಕ್ಕಕ್ಕೆ ತಿರುಗಿಸಬೇಕು. ಬೋಯ್ ಕಡೆಗೆ ಎತ್ತಿಕೊಟ್ಟರೆ ಸುಮ್ನೆ ಹೋಗುತ್ತಿರಬೇಕು. ಸಣ್ಣ ಕೆರೆಯ ರೇಸಿನಲ್ಲಿ ಅರ್ಧ ಕೆಲಸ ಇಷ್ಟೇ. ದಡದಿಂದ ಇದು ಎಷ್ಟು ಸ್ಪಷ್ಟ ಅಂದರೆ, ಒಳಗಿದ್ದವರನ್ನು ನೋಡಿ ಕೂಗಬೇಕು ಅನಿಸುತ್ತದೆ. ಕೂಗಬಾರದು. ರೇಸಿನಲ್ಲಿ ಇರುವವರಿಗೆ ಹೊರಗಿನಿಂದ ಸಹಾಯ ಮಾಡುವ ಹಾಗಿಲ್ಲ.

ಅಸಿಸ್ಟೆಂಟಿನ ಕೆಲಸ ಅಂದರೆ ಹೆಚ್ಚಾಗಿ ಬಾವುಟ ಮತ್ತು ಪಟ್ಟಿ. ಐದು ನಿಮಿಷ ಇರುವಾಗ ಮೊದಲ ಬಾವುಟ ಏರುತ್ತದೆ. ನಾಲ್ಕಕ್ಕೆ ಪಿ ಬಾವುಟ, ನೀಲಿಯ ನಡುವೆ ಬಿಳಿ ಚೌಕ. ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ. ಸೊನ್ನೆಗೆ ಮೊದಲನೆಯದೂ ಇಳಿಯುತ್ತದೆ, ರೇಸ್ ಶುರು. ಕೆಲವು ಕ್ಲಬ್ಬುಗಳಲ್ಲಿ ಮೂರು, ಎರಡು, ಒಂದು ಅಂತ ಮಾಡುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ಜೊತೆಗೆ ಹಾರ್ನ್ ಊದಬೇಕು. ಹಾರ್ನ್ ಕೈಕೊಟ್ಟರೆ ಗಾಬರಿಯಾಗಬೇಡಿ. ನಿಯಮದ ಪ್ರಕಾರ ಸಮಯ ಅಳೆಯುವುದು ಬಾವುಟದಿಂದ, ಸದ್ದಿನಿಂದ ಅಲ್ಲ. ಗೆರೆಯನ್ನು ಮೊದಲೇ ದಾಟಿದವರಿದ್ದರೆ ಎಕ್ಸ್ ಬಾವುಟ ಏರಿಸಿ ಒಂದು ಸಲ ಊದುತ್ತಾರೆ. ಬಿಳಿಯ ಮೇಲೆ ನೀಲಿ ಶಿಲುಬೆ ಇರುವುದೇ ಅದು.

ಆಮೇಲೆ ಪ್ರತಿ ದೋಣಿ ಪ್ರತಿ ಸುತ್ತು ಮುಗಿಸಿದಾಗ ಹಾಯಿಯ ನಂಬರ್ ಮತ್ತು ಸಮಯ ಬರೆದುಕೊಳ್ಳುತ್ತಾ ಹೋಗಬೇಕು. ಇದು ಮುಖ್ಯ. ಯಾಕೆಂದರೆ ವೇಗದವರು ನಾಲ್ಕು ಸುತ್ತು ಮುಗಿಸುವಾಗ ಮಕ್ಕಳು ಎರಡೋ ಮೂರೋ ಮುಗಿಸಿರುತ್ತಾರೆ. ಅವರಿಗಾಗಿ ಎಲ್ಲರೂ ಚಳಿಯಲ್ಲಿ ಕಾಯುವುದು ಬೇಡ ಅಂತ ಸರಾಸರಿ ಸುತ್ತಿನ ಸಮಯ ತೆಗೆದು ಲೆಕ್ಕ ಹಾಕುತ್ತಾರೆ. ಒಂದು ಸುತ್ತು ಬರೆಯುವುದು ತಪ್ಪಿದರೆ ಯಾರದೋ ಭಾನುವಾರ ಹಾಳು.

ಹಾಂ, ಡ್ಯೂಟಿ ಮಾಡಿದ ದಿನ ನಿಮಗೆ ಸರಣಿಯಲ್ಲಿ ನಷ್ಟ ಆಗುವುದಿಲ್ಲ. ಬಹಳ ಕ್ಲಬ್ಬುಗಳಲ್ಲಿ ಆ ದಿನಕ್ಕೆ ನಿಮ್ಮ ಸರಾಸರಿ ಅಂಕ ಕೊಡುತ್ತಾರೆ. ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಕೊನೆಗೆ ಕಡಿಮೆ ಇದ್ದವರು ಗೆದ್ದರು. ಕೆಟ್ಟ ದಿನಗಳಲ್ಲಿ ಕೆಲವನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಹೋದ ವಾರದ ಎಂಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ತಿಪಟೂರು ತೆಂಗು

ಅಕ್ಕ, ಇಷ್ಟು ಯಾರೂ ಬಿಡಿಸಿ ಹೇಳಿರಲಿಲ್ಲ. ಕೇಳಿದರೆ ಇಲ್ಲಿಯವರು "ಮಾಡ್ತಾ ಮಾಡ್ತಾ ಗೊತ್ತಾಗುತ್ತೆ" ಅಂತಾರೆ. ಡ್ಯೂಟಿಗೆ ಒಪ್ಪಿಕೊಂಡೆ. ಮನೆಯವಳೂ ಓದಿದಳು. "ಟಾಯ್ಲೆಟ್ ತೊಳೆಯೋದು ಅಂತಿದೆಯಲ್ಲ, ಮನೇಲೂ ಒಂದು ರೋಟಾ ಹಾಕೋಣ" ಅಂದಳು.

ಇನ್ನೊಂದು ಕೇಳುತ್ತೇನೆ. ಶುರುವಾಗುವ ಹೊತ್ತಿಗೆ ಗೆರೆಯ ಹತ್ತಿರ ಭಯಂಕರ ಕೂಗಾಟ. "ಸ್ಟಾರ್‌ಬೋರ್ಡ್! ಸ್ಟಾರ್‌ಬೋರ್ಡ್!" ಅಂತ ಅಷ್ಟು ಸಾಧು ಅಜ್ಜನೂ ಕಿರುಚುತ್ತಾರೆ. ದಡಕ್ಕೆ ಬಂದ ಮೇಲೆ ಅವರೇ ನನ್ನ ಟ್ರಾಲಿ ಎಳೆದುಕೊಡುತ್ತಾರೆ. ಇದು ಸಿಟ್ಟಾ, ಆಟನಾ?

ಮಂಡ್ಯ ಟು ರೆಡಿಂಗ್

ಅದು ಹಾರ್ನ್ ಹೊಡೆದ ಹಾಗೆ ಅಷ್ಟೇ. ಸಿಟ್ಟಿಲ್ಲ.

ಗಾಳಿ ನಿಮ್ಮ ಬಲಗಡೆಯಿಂದ ಬಂದು ಬೂಮ್ (ಹಾಯಿಯ ಅಡಿಯ ಅಡ್ಡ ಕೋಲು) ಎಡಗಡೆಗಿದ್ದರೆ ನೀವು ಸ್ಟಾರ್‌ಬೋರ್ಡ್ ಟ್ಯಾಕ್. ಉಲ್ಟಾ ಇದ್ದರೆ ಪೋರ್ಟ್. ಎದುರುಬದುರಾದರೆ ಪೋರ್ಟಿನವರು ದಾರಿ ಬಿಡಬೇಕು. ಇಬ್ಬರೂ ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಇದ್ದರೆ ಗಾಳಿ ಬರುವ ಕಡೆ ಇರುವವರು ದೂರ ಇರಬೇಕು. ಬೋಯ್ ಹತ್ತಿರ ಮೂರು ದೋಣಿಯುದ್ದದ ಅಂತರದೊಳಗೆ ಬಂದಾಗ ಒಳಗಡೆ ಇರುವವರಿಗೆ ಜಾಗ ಕೊಡಬೇಕು. ಈ ಮೂರು ಗೊತ್ತಿದ್ದರೆ ಕ್ಲಬ್ ರೇಸಿಗೆ ಧೈರ್ಯವಾಗಿ ಇಳಿಯಬಹುದು. ಪುಸ್ತಕ ದಪ್ಪಗಿದೆ, ನಾಲ್ಕು ವರ್ಷಕ್ಕೊಮ್ಮೆ ಹೊಸದು ಬರುತ್ತದೆ. ಈಗಿನದು 2025ರಿಂದ 2028ರವರೆಗೆ.

ಸ್ಟಾರ್ಟ್ ಲೈನಿನಲ್ಲಿ ನಮ್ಮವರು ಮಾಡುವುದು ಒಂದೇ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಮೊದಲೇ ಹೋಗಿ ಗೆರೆಯ ತುದಿಯಲ್ಲಿ ನಿಲ್ಲುತ್ತಾರೆ. ಇಲ್ಲಿ ಟವೆಲ್ ನಡೆಯುವುದಿಲ್ಲ. ಗಾಳಿ ಹೋಗುವ ಕಡೆಯಿಂದ ಒಬ್ಬ ಬಂದು ನಿಮ್ಮತ್ತ ಗಾಳಿಯ ಕಡೆಗೆ ತಿರುಗಿದರೆ ಜಾಗ ಖಾಲಿ ಮಾಡಬೇಕು.

ತಪ್ಪು ಮಾಡಿದರೆ ಅಲ್ಲೇ ಪಕ್ಕಕ್ಕೆ ಹೋಗಿ ಎರಡು ಸುತ್ತು ತಿರುಗಿ ಮುಂದೆ ಹೋಗಿ. ಬೋಯ್ ಮುಟ್ಟಿದರೆ ಒಂದು ಸುತ್ತು. ಪಂಚಾಯಿತಿ ಬೇಡ. ಒಳ್ಳೆಯ ಕ್ಲಬ್ಬಿನಲ್ಲಿ ವರ್ಷಕ್ಕೆ ಒಂದು ಪ್ರೊಟೆಸ್ಟ್ (ದೂರು) ಬಂದರೂ ಜಾಸ್ತಿ ಆಯಿತು ಅನ್ನುತ್ತಾರೆ.

ಹಲಸೂರು ದಂಡೆ

ನಾನು ಬೆಂಗಳೂರಿನವನು. ದೋಣಿ ಇಲ್ಲ, ಆಸೆ ಮಾತ್ರ ಇದೆ. ಹಲಸೂರು ಕೆರೆಯಲ್ಲಿ ಬಿಳಿ ಹಾಯಿಗಳು ಕಂಡಾಗ ನಿಂತು ನೋಡುತ್ತಿದ್ದೆ. ಅದು ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯವರ ತೃಷ್ಣಾ ಸೇಲಿಂಗ್ ಕ್ಲಬ್, ಸೈನಿಕರು ಅಭ್ಯಾಸ ಮಾಡುವುದು. ಸೇಲಿಂಗ್ ಅಂದರೆ ಕಡಲು, ಶ್ರೀಮಂತರು ಅಂತ ನಮ್ಮ ಕಡೆ ಒಂದು ಕಲ್ಪನೆ ಇದೆ. ಆದರೆ ನಮ್ಮ ದೇಶದಲ್ಲೂ ಕೆರೆಗಳೇ ದೊಡ್ಡ ಪಾಠಶಾಲೆ, ಅಲ್ವಾ? 2023ರಲ್ಲಿ ಹಾಂಗ್‌ಝೌನ ಏಷ್ಯನ್ ಗೇಮ್ಸ್‌ನಲ್ಲಿ ಐಎಲ್‌ಸಿಎ 4ರಲ್ಲಿ (ಅದೇ ಲೇಸರ್, ಇನ್ನೂ ಸಣ್ಣ ಹಾಯಿ) ಬೆಳ್ಳಿ ಗೆದ್ದ ನೇಹಾ ಠಾಕೂರ್ ಕಲಿತದ್ದು ಭೋಪಾಲದ ಕೆರೆಯಲ್ಲಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡ ಮನೆಯ ಮಕ್ಕಳಿಗೆ ಕಲಿಸಿ ರಾಷ್ಟ್ರಮಟ್ಟಕ್ಕೆ ತಂದಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಅಲ್ಲಿ ಇದಕ್ಕೆ ಎಷ್ಟು ಖರ್ಚಾಗುತ್ತದೆ? ಸಾಧಾರಣ ಜನ ಮಾಡುತ್ತಾರಾ?

ಶರಾವತಿ ಹಿನ್ನೀರು

ದಂಡೆಯವರೇ, ನಮ್ಮ ಕ್ಲಬ್ಬಿನಲ್ಲಿ ಪ್ಲಂಬರ್ ಇದ್ದಾರೆ, ನಿವೃತ್ತ ಮೇಷ್ಟ್ರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಒಬ್ಬರು ದಂತವೈದ್ಯರು. ಯಾರದು ಯಾವ ಕೆಲಸ ಅಂತ ನನಗೆ ಗೊತ್ತಾಗಿದ್ದೇ ಬಹಳ ತಡವಾಗಿ. ಮೊದಲು ಗೊತ್ತಾಗುವುದು ಅವರ ಹಾಯಿಯ ನಂಬರ್. ಹಳೆಯ ದೋಣಿ ಒಂದು ಸಾಧಾರಣ ಸೈಕಲ್ಲಿನ ಬೆಲೆಗೆ ಸಿಗುತ್ತದೆ. ಹೊಸದಕ್ಕೆ ಸಾವಿರಾರು ಪೌಂಡ್, ಅದು ಬೇರೆ ಮಾತು. ಹೊಸ ಹಾಯಿ ಕೊಂಡ ವರ್ಷ ಗೆಲ್ಲುತ್ತೇನೆ ಅಂದುಕೊಂಡವರನ್ನು ಬಹಳ ನೋಡಿದ್ದೇನೆ. ಗೆಲ್ಲುವುದು ಮತ್ತೆ ಅದೇ ಅಜ್ಜನೇ.

ಇಲ್ಲಿ ಸೇಲಿಂಗ್ ಜನಸಾಮಾನ್ಯರ ಕೈಗೆ ಬಂದದ್ದಕ್ಕೆ ಒಂದು ದೋಣಿಯ ಕೈವಾಡ ದೊಡ್ಡದು. ಮಿರರ್ ಅಂತ. 1960ರ ದಶಕದ ಆರಂಭದಲ್ಲಿ ಡೈಲಿ ಮಿರರ್ ಪತ್ರಿಕೆಯವರು ಮುಂದೆ ನಿಂತು ತಂದದ್ದು. ವಿನ್ಯಾಸ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅವರದು. ಬಕ್ನೆಲ್ ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದವರು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳಬಹುದಿತ್ತು. ಕೆಂಪು ಹಾಯಿ. ನಮ್ಮ ಶೆಡ್ಡಿನಲ್ಲೂ ಒಂದಿದೆ. ಅದರ ಯಜಮಾನರ ಅಪ್ಪ ಊಟದ ಮನೆಯಲ್ಲಿ ಕಟ್ಟಿದ್ದಂತೆ. ಹೊರಗೆ ತೆಗೆಯಲು ಕಿಟಕಿ ಬಿಚ್ಚಬೇಕಾಯಿತು ಅನ್ನುತ್ತಾರೆ. ಹೀಗೆ ಕಿಟಕಿ ಬಿಚ್ಚಿದ ಕಥೆ ಎಲ್ಲ ಕ್ಲಬ್ಬಿನಲ್ಲೂ ಒಂದಿರುತ್ತದೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ತೆಂಗಿನವರು ಬರೆದ ಸೋಲೋ ಕೂಡ ಇದೇ ಹೋಲ್ಟ್ ಮಾಡಿದ್ದು. ಜಿಪಿ14, ಎಂಟರ್‌ಪ್ರೈಸ್ ಕೂಡ. ಒಬ್ಬ ಮನುಷ್ಯ ಇಡೀ ದೇಶದ ಕೆರೆಗಳನ್ನು ತುಂಬಿಸಿಬಿಟ್ಟ.

ತೆಂಗಿನವರೇ, ನಿಮ್ಮಲ್ಲೂ ಬುಧವಾರ ಸಂಜೆ ರೇಸ್ ಇದ್ದರೆ ಮಗಳನ್ನು ಕರೆದುಕೊಂಡು ಹೋಗಿ. ಜೂನ್‌ನಲ್ಲಿ ಒಂಬತ್ತು ದಾಟಿದರೂ ಇಲ್ಲಿ ಬೆಳಕಿರುತ್ತದೆ. ಬುಧವಾರದ ರೇಸಿನಲ್ಲಿ ಅಷ್ಟು ಬಿಗಿ ಇರುವುದಿಲ್ಲ, ಮಕ್ಕಳು ದೊಡ್ಡವರ ದೋಣಿಯಲ್ಲಿ ಕ್ರೂ ಆಗಿ ಕೂರುತ್ತಾರೆ. ಅಜ್ಜನ ಹತ್ತಿರ ಕಲಿತ ಮಗು ಕೋಚ್ ಹತ್ತಿರ ಕಲಿತದ್ದಕ್ಕಿಂತ ಬೇಗ ಗಾಳಿ ಓದುತ್ತದೆ. ಇದು ನನ್ನ ಅಭಿಪ್ರಾಯ, ಕೋಚ್‌ಗಳು ಬೇಜಾರು ಮಾಡಿಕೊಳ್ಳಬಾರದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿಯಾದರೆ ನೀರಿನಲ್ಲಿ ನೀಲಿಹಸಿರು ಪಾಚಿ ಬರುತ್ತದೆ. ಬೋರ್ಡ್ ಹಾಕಿದ್ದರೆ ಮಗಳನ್ನು ನೀರಿಗೆ ಇಳಿಸಬೇಡಿ. ನಾಯಿ ಇದ್ದರೆ ಅದನ್ನಂತೂ ದಡಕ್ಕೂ ಬಿಡಬೇಡಿ, ಆ ವಿಷ ನಾಯಿಗಳ ಪ್ರಾಣ ತೆಗೆಯುತ್ತದೆ.

ನಮ್ಮಲ್ಲಿ ಕ್ರಿಸ್‌ಮಸ್ ಮರುದಿನ ಪರ್ಸೂಟ್ ರೇಸ್ ಇರುತ್ತದೆ. ನಿಮ್ಮಲ್ಲೂ ಇದ್ದರೆ ತಪ್ಪಿಸಬೇಡಿ. ಅದರಲ್ಲಿ ಲೆಕ್ಕದ ತಲೆನೋವು ಇಲ್ಲ. ನಿಧಾನದ ದೋಣಿ ಮೊದಲು ಹೊರಡುತ್ತದೆ, ವೇಗದ್ದು ಕೊನೆಗೆ. ಸಮಯ ಮುಗಿದಾಗ ಯಾರು ಮುಂದಿದ್ದಾರೋ ಅವರೇ ಗೆದ್ದರು. ಹೀಥ್ರೂ ಹತ್ತಿರದ ಕ್ವೀನ್ ಮೇರಿ ಕ್ಲಬ್ಬಿನಲ್ಲಿ ಜನವರಿಯಲ್ಲಿ ಬ್ಲಡಿ ಮೇರಿ ಅಂತ ಇಂಥದ್ದೇ ಒಂದು ರೇಸ್ ನಡೆಯುತ್ತದೆ, ನೂರಾರು ದೋಣಿ. ನಾನು ಅದಕ್ಕೆ ಹೋಗುವುದಿಲ್ಲ. ಜನವರಿಯಲ್ಲಿ ಅಷ್ಟು ದೊಡ್ಡ ನೀರಿನಲ್ಲಿ ಮಗುಚಿಕೊಳ್ಳುವ ಆಸೆ ನನಗಿಲ್ಲ. ನಮ್ಮ ಕೆರೆಯಲ್ಲಾದರೆ ಮಗುಚಿದರೂ ಎರಡು ನಿಮಿಷದಲ್ಲಿ ಸೇಫ್ಟಿ ಬೋಟ್ ಬರುತ್ತದೆ. ಅದನ್ನು ಓಡಿಸುವವರು ನನ್ನ ಹೆಸರು ಹಿಡಿದು ಬೈಯುತ್ತಲೇ ಎತ್ತುತ್ತಾರೆ.

ಆ ಬೋಟಿಗೂ ಜನ ಬೇಕು, ಮರೆಯಬೇಡಿ. ಪವರ್‌ಬೋಟ್ ಲೆವೆಲ್ 2 ಎರಡು ದಿನದ ಕೋರ್ಸು. ಬಹಳ ಕ್ಲಬ್ಬುಗಳು ಸದಸ್ಯರಿಗೆ ಕಡಿಮೆ ದುಡ್ಡಿಗೆ ಮಾಡಿಸುತ್ತವೆ. ಈ ಚಳಿಗಾಲದಲ್ಲೇ ಮುಗಿಸಿಬಿಡಿ.

ತಿಪಟೂರು ತೆಂಗು

ಮೊದಲು ಈ ಡ್ಯೂಟಿ ಮುಗಿಯಲಿ ಅಕ್ಕ, ಆಮೇಲೆ ಬೋಟು! ಆ ದಿನಕ್ಕೆ ಏನೇನು ತೆಗೆದುಕೊಂಡು ಹೋಗಲಿ?

ಶರಾವತಿ ಹಿನ್ನೀರು

ಸ್ಟಾಪ್‌ವಾಚು, ಟೋಪಿ, ಮನೆಯಿಂದಲೇ ಊಟ. ಕ್ಯಾಂಟೀನಿನಲ್ಲಿ ಬೇಕನ್ ರೋಲ್ ಬಿಟ್ಟರೆ ಫ್ಲಾಪ್‌ಜ್ಯಾಕ್ ಮಾತ್ರ ಸಿಗುವುದು. ಬರೆಯಲು ಪೆನ್ಸಿಲ್ಲೇ ಇರಲಿ, ಒದ್ದೆ ಕಾಗದದ ಮೇಲೆ ಪೆನ್ನು ಓಡುವುದಿಲ್ಲ. ಒಂದು ಗಂಟೆ ಮೊದಲೇ ಹೋಗಿ. ರೇಸ್ ಆಫೀಸರ್ ಗಾಳಿ ನೋಡಿ ಯಾವ ಬೋಯ್ ಯಾವ ಕಡೆಗೆ ಅಂತ ಬೋರ್ಡಿನ ಮೇಲೆ ಬರೆಯುವಾಗ ಪಕ್ಕದಲ್ಲೇ ನಿಂತು "ಯಾಕೆ?" ಅಂತ ಕೇಳಿ. ಅವರಿಗೂ ಯಾರಾದರೂ ಕೇಳಿದರೆ ಖುಷಿ.